ಕೋಳಿಗೆ ಅರ್ಧ ಟಿಕೆಟ್

2024ರ ಮಾರ್ಚಿನಲ್ಲಿ ಒಬ್ಬ ಅಜ್ಜಿ, ಒಬ್ಬ ಮೊಮ್ಮಗಳು ಮತ್ತು ನಾಲ್ಕು ಲವ್ ಬರ್ಡ್ಸ್ ಬೆಂಗಳೂರಿನಲ್ಲಿ ಮೈಸೂರಿನ ಸರ್ಕಾರಿ ಬಸ್ ಹತ್ತಿದರು. ಅಜ್ಜಿಗೂ ಮೊಮ್ಮಗಳಿಗೂ ಶಕ್ತಿ ಯೋಜನೆಯ ಕೃಪೆಯಿಂದ ಸೊನ್ನೆ ರೂಪಾಯಿ ಟಿಕೆಟ್. ಪಂಜರದೊಳಗಿನ ನಾಲ್ವರಿಗೆ ತಲಾ 111ರಂತೆ 444 ರೂಪಾಯಿ. ಆ ಟಿಕೆಟಿನ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರುತ್ತ ನಮ್ಮ ರಾಯಚೂರು ಕಡೆಯ ಮಾನ್ವಿಗೂ ಬಂದಿಳಿಯಿತು. ಹಕ್ಕಿಗಳು ಪಂಜರದಲ್ಲಿ, ಹಾರಾಟವೆಲ್ಲ ಟಿಕೆಟಿನದು.

ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಒಗ್ಗರಣಿ–ಮಿರ್ಚಿ ತಟ್ಟೆ ಹಿಡಿದವರೆಲ್ಲ ಸೇರಿ ಈ ಪ್ರಕರಣದ ವಿಚಾರಣೆ ನಡೆಸಿದರು. "ರೆಕ್ಕಿ ಇದ್ದವಕ್ಕ ಬಸ್ ಯಾಕ ಬೇಕಿತ್ರೀ?" ಎಂದರು ಒಬ್ಬರು. ಇನ್ನೊಬ್ಬರು ಕಾನೂನಿನ ಮನುಷ್ಯ. "ಅದರಾಗ ಹೆಣ್ಣು ಎಷ್ಟು, ಗಂಡು ಎಷ್ಟು ನೋಡಬೇಕಿತ್ತು. ಹೆಣ್ಣಿಗೆ ಫ್ರೀ ಅಂತ ಸರಕಾರ ಹೇಳೇತಿ. ಹೆಣ್ಣು ಮನಷ್ಯಾಳಿಗೆ ಅಂತ ಹೇಳಿಲ್ಲ." ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಕಂಡಕ್ಟರ್ ತಲೆ ಎತ್ತದೆ ತೀರ್ಪು ಕೊಟ್ಟುಬಿಟ್ಟರು: "ಆಧಾರ್ ಕಾರ್ಡ್ ತರಬೇಕಲ್ರೀ ಮತ್ತ."

ನಿಯಮ ಮೈಸೂರು ಬಸ್ಸಿನ ಕಂಡಕ್ಟರನ ಪರವಾಗಿಯೇ ಇತ್ತು. 2022ರ ಕೊನೆಯಲ್ಲಿ ಕೆಎಸ್‌ಆರ್‌ಟಿಸಿ ಸಾಕುಪ್ರಾಣಿಗಳ ದರವನ್ನು ಪರಿಷ್ಕರಿಸಿತು. ಅಲ್ಲಿಯವರೆಗೆ ನಾಯಿಗೆ ದೊಡ್ಡವರ ಪೂರ್ತಿ ಟಿಕೆಟ್ ಬೀಳುತ್ತಿತ್ತು, ಆಮೇಲೆ ಅರ್ಧಕ್ಕೆ ಇಳಿಯಿತು. ನಾಯಿ, ಬೆಕ್ಕು, ಮೊಲ, ಹಕ್ಕಿ ಎಲ್ಲವೂ ಟಿಕೆಟ್ ಮಷೀನಿನಲ್ಲಿ ಮಕ್ಕಳಾದವು. ಜತೆಗೊಂದು ಷರತ್ತೂ ಬಂತು: ಕರ್ನಾಟಕ ವೈಭವ, ರಾಜಹಂಸ, ಸ್ಲೀಪರ್, ಎಲ್ಲ ಎ.ಸಿ. ಬಸ್ಸುಗಳಲ್ಲಿ ಪ್ರಾಣಿಗಳಿಗೆ ಪ್ರವೇಶವಿಲ್ಲ. ರಾಜಹಂಸದಲ್ಲಿ ಪಕ್ಷಿ ಕೂರುವಂತಿಲ್ಲ, ಐರಾವತದಲ್ಲಿ ನಾಲ್ಕು ಕಾಲಿನವರಿಗೆ ಜಾಗವಿಲ್ಲ. ಬಸ್ಸಿಗೆ ಹೆಸರಿಟ್ಟವರೂ ನಿಯಮ ಬರೆದವರೂ ಒಂದೇ ಕಟ್ಟಡದಲ್ಲಿ ಇದ್ದರೂ ಒಬ್ಬರನ್ನೊಬ್ಬರು ಭೇಟಿಯಾಗಿರಲಿಕ್ಕಿಲ್ಲ.

ಉಳಿದದ್ದು ಕೆಂಪು ಬಸ್ಸು. ನಮ್ಮ ಕಡೆಯ ಕೋಳಿ, ಕುರಿಮರಿಗಳಿಗೆ ಬೇರೆ ಬಸ್ಸಿನ ಆಸೆಯೂ ಇಲ್ಲ. ಮಾನ್ವಿಯಲ್ಲಿ ಹತ್ತಿದ ಕೋಳಿ ವೈರ್ ಬ್ಯಾಗಿನಿಂದ ಕತ್ತು ಹೊರಹಾಕಿ ಸಿರವಾರ ದಾಟಿ ದೇವದುರ್ಗದವರೆಗೂ ಊರು ನೋಡುತ್ತ ಹೋಗುತ್ತದೆ. ಬ್ಯಾಗು ಸೀಟಿನ ಕೆಳಗೆ, ಕತ್ತು ಪಕ್ಕದವರ ಕಾಲ ಬಳಿ. ಪಕ್ಕದವರು ಮೊದಲು ಕಾಲು ಹಿಂದಕ್ಕೆಳೆದುಕೊಳ್ಳುತ್ತಾರೆ, ಆಮೇಲೆ ಕೇಳುತ್ತಾರೆ, "ಜವಾರಿ ಏನ್ರೀ? ಎಷ್ಟಕ್ಕ ತಂದ್ರಿ?" ಅಲ್ಲಿಂದ ಮಾತು ಕೋಳಿಯ ಬೆಲೆಗೆ, ಕೋಳಿಯಿಂದ ಮಗಳ ಬಾಣಂತನಕ್ಕೆ, ಬಾಣಂತನದಿಂದ ಅಳಿಯನ ಕುಡಿತಕ್ಕೆ, ಕುಡಿತದಿಂದ ಈ ಸಲ ಕಾಲುವೆಯ ಕೊನೇ ಭಾಗಕ್ಕೆ ನೀರು ಬರುತ್ತದೋ ಇಲ್ಲವೋ ಎಂಬಲ್ಲಿಗೆ ಹೋಗುತ್ತದೆ. ದೇವದುರ್ಗ ಬರುವಷ್ಟರಲ್ಲಿ ಇಬ್ಬರೂ ಹಗುರ. ಮನಸ್ಸಿಗೆ ಆಸರೆ ಕೊಡುವ ಪ್ರಾಣಿ ಎಂದು ಯಾವುದಕ್ಕಾದರೂ ಹೇಳಬಹುದಾದರೆ ಆ ಕೋಳಿಗೆ ಹೇಳಬೇಕು. ಪಾಪ, ಅದರ ಮನಸ್ಸಿನ ಸ್ಥಿತಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದು ಹೋಗುತ್ತಿರುವುದು ಬೀಗರ ಊಟಕ್ಕೆ.

ಎಮೋಷನಲ್ ಸಪೋರ್ಟ್ ಅನಿಮಲ್ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಅಕ್ಕನ ಮಗನಿಂದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಮೂರನೇ ಮಹಡಿಯ ಮನೆ, ಕೂಕಿ ಎಂಬ ಲ್ಯಾಬ್ರಡಾರ್ ನಾಯಿ. ಊರಿಗೆ ಬಾರೋ ಎಂದು ಫೋನ್ ಮಾಡಿದರೆ, "ಮಾಮಾ, ಕೂಕಿ ನನ್ನ ಎಮೋಷನಲ್ ಸಪೋರ್ಟ್. ಬಿಟ್ಟು ಬರಾಕ ಆಗಂಗಿಲ್ಲ" ಎಂದ.

"ನಿನಗ ಹೆಂಡ್ತಿ ಅದಾಳಲ್ಲೋ?"

"ಆಕಿಗೂ ಅದ ಸಪೋರ್ಟ್, ಮಾಮಾ."

ಸಾಕ್ಷಿಗೆ ಒಂದು ಸರ್ಟಿಫಿಕೇಟನ್ನೂ ಕಳಿಸಿದ. ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ತರಿಸಿಕೊಂಡದ್ದು. ಮೇಲೆ ಕೂಕಿಯ ಫೋಟೊ, ಕೆಳಗೆ ಯಾರದೋ ಸಹಿ, ಬಂಗಾರದ ಬಣ್ಣದ ಮೊಹರು. ನಮ್ಮ ದೇಶದ ಬಸ್ಸು, ರೈಲಿನ ನಿಯಮಗಳಲ್ಲಿ ಇಂಥ ಕಾಗದಕ್ಕೆ ಕಿಮ್ಮತ್ತಿಲ್ಲ. ಅಲ್ಲಿ ನಾಯಿ ಎಂದರೆ ನಾಯಿ. ಅದು ಮನೆ ಕಾಯುತ್ತದೋ ಮನಸ್ಸು ಕಾಯುತ್ತದೋ ಎಂದು ಯಾರೂ ಬೇರೆ ಮಾಡಿ ನೋಡುವುದಿಲ್ಲ. ಆದರೂ ಸೋದರಮಾವನೆಂದ ಮೇಲೆ ಮಾಡಬೇಕಾದ ಕೆಲಸಗಳಿರುತ್ತವೆ. ರೈಲಿನಲ್ಲಿ ಕೂಕಿ ಹೇಗೆ ಬರಬಹುದು ಎಂದು ವಿಚಾರಿಸಲು ರಾಯಚೂರು ಸ್ಟೇಷನ್ನಿಗೆ ಹೋದೆ.

ರಾಯಚೂರು ಸಾಮಾನ್ಯ ಸ್ಟೇಷನ್ನೇನಲ್ಲ. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ ಕೂಡಿದ್ದು ಇಲ್ಲೇ. ಎರಡು ಸಮುದ್ರದ ದಂಡೆಗಳನ್ನು ಕೂಡಿಸಿದ ಊರಿಗೆ ಒಂದು ನಾಯಿಯನ್ನು ತರುವುದು ಎಷ್ಟರ ಕೆಲಸ ಎಂದುಕೊಂಡಿದ್ದೆ. ನಿಯಮ ಹೀಗಿದೆ: ನಾಯಿಯನ್ನು ನಮ್ಮ ಜತೆ ಕೂರಿಸಿಕೊಳ್ಳಬೇಕೆಂದರೆ ಫಸ್ಟ್ ಕ್ಲಾಸಿನಲ್ಲಿ ಇಬ್ಬರ ಕೂಪೆಯನ್ನೋ ನಾಲ್ವರ ಕ್ಯಾಬಿನ್ನನ್ನೋ ಪೂರ್ತಿ ಹಿಡಿಯಬೇಕು. ಸ್ಲೀಪರ್, ತ್ರೀ ಟಯರ್, ಟೂ ಟಯರ್, ಚೇರ್ ಕಾರ್ ಯಾವುದರಲ್ಲೂ ಬಿಡುವುದಿಲ್ಲ. ಇಲ್ಲವಾದರೆ ಪಾರ್ಸೆಲ್ ಆಫೀಸಿನಲ್ಲಿ ತೂಕ ಹಾಕಿಸಿ, ಗಾರ್ಡ್ ಡಬ್ಬಿಯಲ್ಲಿರುವ ನಾಯಿ ಪೆಟ್ಟಿಗೆಗೆ ಬುಕ್ ಮಾಡಬೇಕು. ಗಾರ್ಡಿಗೆ 2022ರಿಂದ ಟ್ರೈನ್ ಮ್ಯಾನೇಜರ್ ಎಂಬ ಹೆಸರು ಬಂದಿದೆ. ಪೆಟ್ಟಿಗೆಗೆ ಇನ್ನೂ ಹಳೆಯ ಹೆಸರೇ.

ಇದನ್ನೆಲ್ಲ ಫೋನಿನಲ್ಲಿ ವರದಿ ಮಾಡಿದಾಗ ಅಳಿಯ ಗಾಬರಿಯಾದ. "ಕೂಕಿ ಒಬ್ಬನ ಡಬ್ಬ್ಯಾಗ ಇರಂಗಿಲ್ಲ ಮಾಮಾ. ಕತ್ತಲಂದ್ರ ಅಂಜತಾನ." ಧೈರ್ಯ ಕೊಡುವವನಿಗೇ ಧೈರ್ಯವಿಲ್ಲ ಎಂದಾಯಿತು. ಪೆಟ್ಟಿಗೆಯಲ್ಲಿ ಅವನಿಗೆ ಸಪೋರ್ಟ್ ಮಾಡಲು ಇನ್ನೊಂದು ಸಣ್ಣ ನಾಯಿ ಬುಕ್ ಮಾಡಲೇ ಎಂದು ಕೇಳಬೇಕೆನಿಸಿತು, ಸಂಬಂಧ ಕೆಡಿಸಿಕೊಳ್ಳುವುದು ಬೇಡವೆಂದು ಸುಮ್ಮನಾದೆ.

ಆ ರೈಲ್ವೆ ನಿಯಮದಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಾಲಿದೆ. ಜತೆಗಿರುವ ಪ್ರಯಾಣಿಕರು ತಕರಾರು ಮಾಡಿದರೆ ನಾಯಿಯನ್ನು ಗಾರ್ಡ್ ಡಬ್ಬಿಗೆ ಕಳಿಸಲಾಗುವುದು, ಹಣ ವಾಪಸ್ ಕೊಡಲಾಗುವುದಿಲ್ಲ. ರೈಲ್ವೆಯವರು ದೊಡ್ಡ ತತ್ವವನ್ನೇನೂ ಹೇಳಲು ಹೋಗಿಲ್ಲ. ಪಕ್ಕದ ಸೀಟಿನವನನ್ನು ಕೇಳಿ ಎಂದಷ್ಟೇ ಹೇಳಿದ್ದಾರೆ.

ಅಮೆರಿಕದಲ್ಲಿ ಪಕ್ಕದ ಸೀಟಿನವನನ್ನು ಕೇಳುವುದನ್ನು ಮರೆತದ್ದರಿಂದ ಏನೇನಾಯಿತು ಎಂಬುದು ದೊಡ್ಡ ಕತೆ. ಅಲ್ಲಿ ಡಾಕ್ಟರ ಚೀಟಿಯೊಂದಿದ್ದರೆ ಮನಸ್ಸಿಗೆ ಸಮಾಧಾನ ಕೊಡುವ ಪ್ರಾಣಿಯನ್ನು ವಿಮಾನದೊಳಗೆ ಬಿಟ್ಟಿಯಾಗಿ ಒಯ್ಯಬಹುದಿತ್ತು. ಚೀಟಿ ಸುಲಭವಾದ ಮೇಲೆ ಪ್ರಾಣಿಗಳಿಗೆ ಬರವೇ? 2014ರಲ್ಲಿ ಒಬ್ಬರು ಹಂದಿ ತಂದರು; ಅದು ವಿಮಾನ ಹೊರಡುವ ಮೊದಲೇ ಗಲೀಜು ಮಾಡಿತೆಂದು ಇಬ್ಬರನ್ನೂ ಇಳಿಸಿದರು. 2018ರ ಜನವರಿಯಲ್ಲಿ ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಒಬ್ಬರು ಡೆಕ್ಸ್‌ಟರ್ ಎಂಬ ನವಿಲನ್ನೇ ಕರೆದುಕೊಂಡು ಬಂದರು. ಅದಕ್ಕೆಂದು ಬೇರೆ ಸೀಟಿನ ಟಿಕೆಟ್ ಇದ್ದರೂ ಯುನೈಟೆಡ್ ಏರ್‌ಲೈನ್ಸ್‌ನವರು ಹತ್ತಿಸಲಿಲ್ಲ. 2023ರಲ್ಲಿ ವಾಲಿ ಎಂಬ ಮೊಸಳೆ ಜಾತಿಯ ಆಲಿಗೇಟರ್ ತನ್ನ ಯಜಮಾನನ ಮನಸ್ಸಿನ ಆಸರೆಯಾಗಿ ಫಿಲಡೆಲ್ಫಿಯಾದ ಬೇಸ್‌ಬಾಲ್ ಮೈದಾನಕ್ಕೆ ಹೋಗಿ ಗೇಟಿನಿಂದ ವಾಪಸಾಯಿತು. ಯಜಮಾನನ ಮನಸ್ಸಿಗೆ ಅದರಿಂದ ಸಮಾಧಾನ ಸಿಗುತ್ತಿದ್ದದ್ದು ನಿಜವೇ ಇರಬಹುದು. ಮುಂದಿನ ಸಾಲಿನವರ ಮನಸ್ಸು ಏನಾಗಬೇಕು?

ನಮ್ಮ ಕಡೆ ಕೃಷ್ಣಾ ನದಿಯ ದಂಡೆಯ ಹಳ್ಳಿಯವರಿಗೆ ಮೊಸಳೆ ಹೊಸದಲ್ಲ. ಅದನ್ನು ನೋಡಿ ಯಾರಿಗೂ ಸಮಾಧಾನವಾದ ಸುದ್ದಿ ಮಾತ್ರ ಈವರೆಗೆ ಬಂದಿಲ್ಲ. ನವಿಲಿನದು ಇನ್ನೊಂದು ಕತೆ. ಹೊಲಕ್ಕೆ ಬಂದು ಕಾಳು ತಿನ್ನುವಾಗ ರೈತ ಡಬ್ಬಿ ಬಡಿದು ಓಡಿಸಬಹುದು, ಬಗಲಲ್ಲಿ ಇಟ್ಟುಕೊಂಡು ಬಸ್ ಹತ್ತಿದರೆ ಅರ್ಧ ಟಿಕೆಟಿನ ಪ್ರಶ್ನೆ ಬರುವ ಮೊದಲೇ ಅರಣ್ಯ ಇಲಾಖೆಯವರು ಬರುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮ ಹಸಿರು ಗಿಳಿಯನ್ನೂ ಪಂಜರದಲ್ಲಿ ಇಡುವಂತಿಲ್ಲ. ಮೈಸೂರಿಗೆ ಹೋದ ಆ ಲವ್ ಬರ್ಡ್ಸ್ ಆಫ್ರಿಕಾ ಮೂಲದವು, ಆದ್ದರಿಂದ 444 ರೂಪಾಯಿಯಲ್ಲೇ ಪಾರಾದವು.

ವಿಮಾನಗಳ ಮಟ್ಟಿಗೆ ಅಮೆರಿಕದ ಸಾರಿಗೆ ಇಲಾಖೆ 2020ರ ಡಿಸೆಂಬರಿನಲ್ಲೇ ಕೈ ಮುಗಿದಿತ್ತು. ತರಬೇತಿ ಪಡೆದು ಅಂಗವಿಕಲರಿಗೆ ನೆರವಾಗುವ ನಾಯಿಗೆ ಮಾತ್ರ ಹಕ್ಕು, ಮನಸ್ಸಿಗೆ ಆಸರೆ ಎಂದು ಬಂದವುಗಳನ್ನು ಸಾಮಾನ್ಯ ಸಾಕುಪ್ರಾಣಿಗಳಂತೆ ನಡೆಸಿಕೊಳ್ಳಬಹುದು ಎಂದು ವಿಮಾನ ಕಂಪನಿಗಳಿಗೆ ಹೇಳಿತು. ಮುಂದಿನ ತಿಂಗಳಿನಿಂದಲೇ ಅದು ಜಾರಿಗೆ ಬಂತು. ಅಲ್ಲಿ ಈ ಬದಲಾವಣೆಗೆ ದನಿ ಎತ್ತಿದವರಲ್ಲಿ ಮಾರ್ಗದರ್ಶಿ ನಾಯಿ ಇಟ್ಟುಕೊಂಡ ಅಂಧರೂ ಇದ್ದರು. ಸುಳ್ಳು ಚೀಟಿಯ ನಾಯಿಗಳು ಬೊಗಳಿ, ಕಚ್ಚಿ ಮಾಡಿದ ರಂಪದಿಂದ ಅವರ ನಿಜವಾದ ನಾಯಿಗಳನ್ನೂ ಜನ ಅನುಮಾನದಿಂದ ನೋಡತೊಡಗಿದ್ದರು. ಕಣ್ಣಿಲ್ಲದವರಿಗೆ ಆ ನಾಯಿಯೇ ಕಣ್ಣು. ಕೂಕಿಯ ಬಂಗಾರದ ಮೊಹರಿನ ಮೇಲೆ ನನಗೆ ಸಿಟ್ಟಿರುವುದು ಇದೊಂದೇ ಕಾರಣಕ್ಕೆ.

ನಮ್ಮ ದೇಶದ ವಿಮಾನಗಳೂ ಈಗ ಸ್ವಲ್ಪ ಬಾಗಿಲು ತೆರೆದಿವೆ. ಆಕಾಸ ಏರ್ 2022ರ ನವೆಂಬರಿನಿಂದ ಸಣ್ಣ ನಾಯಿ, ಬೆಕ್ಕುಗಳನ್ನು ಪಂಜರದಲ್ಲಿಟ್ಟು ಒಳಗೆ ಬಿಡುತ್ತಿದೆ, ದುಡ್ಡು ತೆಗೆದುಕೊಂಡು. ರಾಯಚೂರಿನವರಾದ ನಮಗೆ ವಿಮಾನ ನಿಲ್ದಾಣವೇ ಒಂದು ಹಳೆಯ ಬೇಡಿಕೆ, ನಾಯಿಯ ಮಾತು ಆಮೇಲೆ.

ಇಷ್ಟಾದ ಮೇಲೆ ಕೂಕಿ ಕಾರಿನಲ್ಲೇ ಬಂದ. ನಮ್ಮ ದೇವದುರ್ಗದ ಬೇಸಿಗೆಯಲ್ಲಿ ಕಾರಿನ ಬಾಗಿಲು ತೆರೆದದ್ದೇ ತಡ, ಒಂದು ಕಾಲು ಹೊರಗಿಟ್ಟು ಮತ್ತೆ ಒಳಗೆಳೆದುಕೊಂಡ. ಅಂಗಳದ ಬೇವಿನ ಮರದ ಕೆಳಗೆ ನೀರು ಚಿಮುಕಿಸಿ ಮಲಗಿಸಬೇಕಾಯಿತು. ತೊಯ್ದ ಗೋಣಿಚೀಲದಂತೆ ಬಿದ್ದುಕೊಂಡ. ನಮ್ಮಮ್ಮ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಅವನನ್ನೇ ನೋಡಿದಳು.

"ಇದು ಏನ್ ಕೆಲಸ ಮಾಡ್ತೈತೋ ತಮ್ಮಾ?"

"ಕೆಲಸ ಅಂದ್ರ... ಮನಸಿಗಿ ಸಮಾಧಾನ ಕೊಡ್ತೈತಿ ಅಮ್ಮಾ."

"ಅಷ್ಟನಾ? ನಮ್ಮ ಎಮ್ಮಿ ಹಾಲೂ ಕೊಡ್ತೈತಿ."

ಸಂಜೆ ಅಳಿಯ ಅವನನ್ನು ಓಣಿಯಲ್ಲಿ ತಿರುಗಾಡಿಸಲು ಒಯ್ದ. ಹುಡುಗರ ಮೆರವಣಿಗೆ ಹಿಂದೆ, ಊರ ನಾಯಿಗಳ ಸಭೆ ಮುಂದೆ. ನಮ್ಮ ಓಣಿಯ ನಾಯಿಗಳಿಗೆ ಸರ್ಟಿಫಿಕೇಟ್ ಓದಲು ಬರುವುದಿಲ್ಲ. ಅಳಿಯ ಕೂಕಿಯನ್ನು ಎತ್ತಿಕೊಂಡು ಓಡಿಬಂದ. ಮೂವತ್ತು ಕಿಲೋ ತೂಕದ ಆಸರೆಯನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತಿದ್ದವನನ್ನು ನೋಡಿದರೆ ಯಾರು ಯಾರಿಗೆ ಸಪೋರ್ಟ್ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯುತ್ತಿರಲಿಲ್ಲ.

ಮನಸ್ಸಿಗೆ ಆಸರೆ ಕೊಡುವ ಪ್ರಾಣಿ ನಮ್ಮ ಕಡೆ ಇರಲೇ ಇಲ್ಲ ಎನ್ನುವಂತಿಲ್ಲ. ಕೋಲೆ ಬಸವನನ್ನು ನೆನೆಸಿಕೊಳ್ಳಿ. ಬಣ್ಣದ ಜೂಲು, ಕೊಂಬಿಗೆ ಗೊಂಡೆ, ಜತೆಗೆ ವಾದ್ಯ. ಮನೆ ಬಾಗಿಲಿಗೇ ಬಂದು ನಿಲ್ಲುತ್ತಾನೆ. ಮಗಳಿಗೆ ಈ ವರ್ಷ ಕಂಕಣಬಲ ಇದೆಯೇ ಬಸವಣ್ಣ? ಹೂಂ ಎಂದು ತಲೆ ಆಡಿಸುತ್ತಾನೆ. ಮಳೆ ಬರುತ್ತದೆಯೇ? ಹೂಂ. ಸಾಲ ತೀರುತ್ತದೆಯೇ? ಅದಕ್ಕೂ ಹೂಂ. ಹತ್ತಿಯ ದರದ ಬಗ್ಗೆ ಕೇಳಿದರೂ ಇಲ್ಲ ಎಂದವನಲ್ಲ. ಒಂದು ಮೊರ ಜೋಳಕ್ಕೆ ಇಷ್ಟು ಭರವಸೆ ಕೊಡುವ ಡಾಕ್ಟರು ಯಾವ ಊರಿನಲ್ಲಿದ್ದಾರೆ? ಅವನು ಬಸ್ಸು ಕೇಳಲಿಲ್ಲ, ರೈಲು ಕೇಳಲಿಲ್ಲ, ನಡೆದೇ ಬಂದ, ನಡೆದೇ ಹೋದ.

ದೇವರುಗಳೂ ಒಬ್ಬಂಟಿಯಾಗಿ ಓಡಾಡಿದವರಲ್ಲ. ರಾಯಚೂರಿನ ಕಡೆಯಿಂದ ಕೃಷ್ಣೆಯ ನಡುಗಡ್ಡೆಯ ಕುರುವಪುರಕ್ಕೆ ಜನ ತೆಪ್ಪದಲ್ಲಿ ಕೂತು ದತ್ತಾತ್ರೇಯನ ದರ್ಶನಕ್ಕೆ ಹೋಗುತ್ತಾರೆ. ದತ್ತನ ಪಟ ನೋಡಿ: ಕಾಲ ಬಳಿ ನಾಲ್ಕು ನಾಯಿ, ಹಿಂದೆ ಒಂದು ಆಕಳು. ನಾಲ್ಕು ನಾಯಿಗಳೂ ನಾಲ್ಕು ವೇದಗಳು ಎನ್ನುತ್ತಾರೆ. ಪಟಕ್ಕೆ ಕೈ ಮುಗಿದು ಬಂದವರೇ ದಂಡೆಯ ಮೇಲಿನ ನಾಯಿಗೆ ಹಚಾ ಎನ್ನುತ್ತಾರೆ, ಅದು ಬೇರೆ ಮಾತು. ಮೈಲಾರಲಿಂಗನ ಗೊರವರಂತೂ ತಾವೇ ನಾಯಿಯಂತೆ ಬೊಗಳಿ ಸೇವೆ ಮಾಡುತ್ತಾರೆ.

ಧರ್ಮರಾಯನ ಪ್ರಕರಣ ಎಲ್ಲರಿಗೂ ಗೊತ್ತು. ಇಂದ್ರ ರಥ ತಂದು ಹತ್ತು ಎಂದ, ನಾಯಿಯನ್ನು ಬಿಟ್ಟು ಹತ್ತು ಎಂದ. ರಥದಲ್ಲಿ ಬೇರೆ ಪ್ರಯಾಣಿಕರ ತಕರಾರೂ ಇರಲಿಲ್ಲ. ದ್ರೌಪದಿ, ತಮ್ಮಂದಿರು ದಾರಿಯಲ್ಲೇ ಬಿದ್ದುಹೋಗಿದ್ದರು. ಇಂಥ ಹೊತ್ತಿನಲ್ಲೂ ಧರ್ಮರಾಯ ಈ ನಾಯಿ ನನಗೆ ಸಮಾಧಾನ ಕೊಡುತ್ತದೆ ಎನ್ನಲಿಲ್ಲ. ನನ್ನನ್ನು ನಂಬಿ ಬಂದದ್ದನ್ನು ಬಿಟ್ಟು ಬರಲಾರೆ ಎಂದ. ನನ್ನ ಅಳಿಯನ ವಾದಕ್ಕೂ ಧರ್ಮರಾಯನ ವಾದಕ್ಕೂ ಇರುವ ಅಂತರ ಅಷ್ಟೇ, ಆದರೆ ಅದು ಸಣ್ಣ ಅಂತರವಲ್ಲ.

ನಂಬಿ ಬಂದದ್ದನ್ನು ಬಿಟ್ಟು ಹೋಗುವ ಕಷ್ಟ ನೋಡಬೇಕೆಂದರೆ ಸುಗ್ಗಿ ಮುಗಿದ ಮೇಲೆ ಸಂಜೆ ಹೊತ್ತಿಗೆ ದೇವದುರ್ಗದ ಬಸ್ ಸ್ಟ್ಯಾಂಡಿಗೆ ಬರಬೇಕು. ಹಳ್ಳಿಗಳಿಂದ, ತಾಂಡಾಗಳಿಂದ ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ ಗುಳೆ ಹೊರಟ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಕೂತಿರುತ್ತವೆ. ಪಾತ್ರೆ, ಹಾಸಿಗೆ, ಜೋಳದ ಚೀಲ, ಕೂಸು. ಕೆಲವರ ಬುಟ್ಟಿಯಲ್ಲಿ ಒಂದು ಕೋಳಿ. ಬೆಂಗಳೂರಿನ ಕಟ್ಟಡದ ಬದಿಯ ತಗಡಿನ ಶೆಡ್ಡಿನಲ್ಲಿ ಅದು ಮೊಟ್ಟೆ ಇಟ್ಟರೆ ಕೂಸಿಗಾದೀತು. ಆಡನ್ನು ಮುದುಕಿಯ ಹತ್ತಿರ ಬಿಟ್ಟಿರುತ್ತಾರೆ. ಎತ್ತನ್ನು ಮಾರಿರುತ್ತಾರೆ, ಮಾರುವಾಗ ಹೆಣ್ಣುಮಕ್ಕಳು ಅದರ ಕಾಲಿಗೆ ನೀರು ಹಾಕಿ, ಕುಂಕುಮ ಹಚ್ಚಿ ಕಳಿಸಿರುತ್ತಾರೆ. ನಾಯಿಯನ್ನು ಮಾರಲಾಗುವುದಿಲ್ಲ, ಒಯ್ಯಲೂ ಆಗುವುದಿಲ್ಲ. ಅದು ಟಂಟಂ ಗಾಡಿಯ ಹಿಂದೆ ಊರ ಹೊರಗಿನವರೆಗೆ ಓಡಿಬಂದು ನಿಲ್ಲುತ್ತದೆ. ಆ ಮನೆಯವರಿಗೆ ಯಾರೂ ಚೀಟಿ ಬರೆದುಕೊಟ್ಟಿಲ್ಲ. ಬರೆದುಕೊಟ್ಟಿದ್ದರೂ ಬೆಂಗಳೂರಿನ ಮೇಸ್ತ್ರಿ ಅದನ್ನು ಓದುವವನಲ್ಲ.

ಅಂಥ ನಾಯಿಗಳಲ್ಲಿ ಕೆಲವು ಬಸ್ ಸ್ಟ್ಯಾಂಡಿಗೇ ಬಂದು ಉಳಿಯುತ್ತವೆ. ಮಿರ್ಚಿ ಬಂಡಿಯ ಕೆಳಗೆ ಮಲಗಿ, ಬಿಸ್ಕಿಟು ಹಾಕಿದವರ ಹಿಂದೆ ಬಾಲ ಆಡಿಸಿ ಬದುಕುತ್ತವೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯ ತಾಣಗಳಿಗೆ ಸಾಗಿಸಬೇಕು, ಹಿಡಿದ ಜಾಗದಲ್ಲೇ ಮತ್ತೆ ಬಿಡಬಾರದು ಎಂದು ಆದೇಶಿಸಿತು. ನಾಯಿ ಕಚ್ಚಿದ ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ ತಾಯಿಯ ಎದುರು ನಿಂತು ಈ ಆದೇಶ ತಪ್ಪೆಂದು ನಾನು ಹೇಳಲಾರೆ. ಆಶ್ರಯ ತಾಣ ಎಲ್ಲಿದೆ ಎಂದು ಮಾತ್ರ ಕೇಳುತ್ತೇನೆ. ಗುಳೆ ಹೋಗುವ ಮನುಷ್ಯರಿಗೇ ಊರಲ್ಲಿ ಆಶ್ರಯ ಸಾಲದೆ ಬಸ್ ಸ್ಟ್ಯಾಂಡು ತುಂಬುತ್ತಿರುವಾಗ ನಾಯಿಗಳ ಸರದಿ ಯಾವಾಗ ಬರಬೇಕು?

ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, 40 ಅಡಿಗೂ ಉದ್ದದ ಒಂದೇ ಕಲ್ಲಿದೆ. ಆ ಕಲ್ಲನ್ನು ಅಲ್ಲಿಗೆ ತಂದದ್ದು ಹೇಗೆಂಬುದನ್ನೂ ಕೆತ್ತಿಟ್ಟಿದ್ದಾರೆ: ಗಟ್ಟಿ ಗಾಲಿಯ ಬಂಡಿ, ಎಳೆಯುವ ಜಾನುವಾರುಗಳ ಉದ್ದನೆಯ ಸಾಲು, ಹುರಿದುಂಬಿಸುವ ಆಳುಗಳು. ಈಗಲೂ ಕಾರಹುಣ್ಣಿಮೆಗೆ ಮುನ್ನೂರುಕಾಪು ಸಮಾಜದವರ ಮುಂಗಾರು ಹಬ್ಬದಲ್ಲಿ ರಾಜೇಂದ್ರ ಗಂಜಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುತ್ತವೆ. ಆಂಧ್ರ, ತೆಲಂಗಾಣದಿಂದಲೂ ಎತ್ತುಗಳು ಬರುತ್ತವೆ, ಬರುವುದು ಲಾರಿಯಲ್ಲಿ. ಜಾನುವಾರು ನಮ್ಮ ಭಾರ ಎಳೆದ ಊರಿಗೆ ಈಗ ಜಾನುವಾರುಗಳೇ ಗಾಡಿಯಲ್ಲಿ ಕೂತು ಬರುತ್ತಿವೆ. ಆದ್ದರಿಂದ ಬಸ್ಸಿನಲ್ಲಿ ನಾಯಿಯೇ, ಎಂದು ಮೂಗೆಳೆಯುವವರ ಪಕ್ಷ ನನ್ನದಲ್ಲ.

ಆದರೆ ಕೆಂಪು ಬಸ್ಸಿನೊಳಗೆ ಯಾರ್‍ಯಾರು ಇರುತ್ತಾರೆ ನೋಡಿ. ಮಂತ್ರಾಲಯಕ್ಕೆ ಹೊರಟ ಮಡಿಯ ಅಜ್ಜಿ ಇರುತ್ತಾಳೆ. ನಮಾಜಿಗೆ ಮೊದಲು ಊರು ಸೇರಬೇಕಾದವರಿರುತ್ತಾರೆ. ನಾಯಿಯ ಜೊಲ್ಲು ತಾಗಿದರೆ ಅವರು ಬಟ್ಟೆ ಬದಲಿಸಬೇಕು. ಉಬ್ಬಸದವರು, ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡವರು, ಸುಮ್ಮನೆ ಅಂಜುವವರು ಇರುತ್ತಾರೆ. ಅವರ ಮನಸ್ಸಿಗೂ ಸಮಾಧಾನ ಬೇಕು, ಅವರ ಬಳಿಯೂ ಡಾಕ್ಟರ ಚೀಟಿ ಇರುವುದಿಲ್ಲ. ಕೋಳಿಯವರು ಇದನ್ನು ಅರಿತವರು. ಹತ್ತಿದ ಕೂಡಲೇ "ಏನೂ ಮಾಡಂಗಿಲ್ಲ ಬಿಡ್ರೀ ಯಕ್ಕಾ, ಕಾಲು ಕಟ್ಟೇನಿ" ಎಂದು ಪಕ್ಕದವರಿಗೆ ಹೇಳಿಬಿಡುತ್ತಾರೆ. ಅದೇ ಅನುಮತಿ ಪತ್ರ.

ನಿಮ್ಮ ಮನೆಯಲ್ಲೂ ಒಬ್ಬ ಕೂಕಿ ಇದ್ದರೆ ಧಾರಾಳವಾಗಿ ಕರೆತನ್ನಿ. ಬಾಯಿಗೆ ಪಟ್ಟಿ, ಕೈಯಲ್ಲಿ ಗಿಡ್ಡ ಹಗ್ಗ, ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ ಕಾಗದ ಇರಲಿ. ಬಂಗಾರದ ಮೊಹರಿನ ಕಾಗದ ಮನೆಯಲ್ಲೇ ಇರಲಿ. ಪಕ್ಕದವರನ್ನು ಕೇಳಿ, ಅವರು ಬೇಡವೆಂದರೆ ಮುಂದಿನ ಬಸ್ಸಿಗೆ ಬನ್ನಿ. ಅರ್ಧ ಟಿಕೆಟ್ ತಪ್ಪದೆ ತೆಗೆದುಕೊಳ್ಳಿ. ಚಿಲ್ಲರೆ ಮಾತ್ರ ಸರಿಯಾಗಿ ಕೊಡಿ, ಕಂಡಕ್ಟರ್ ಹತ್ತಿರ ಇರುವುದಿಲ್ಲ.